ಹಲಗೆ ಹಿಡಿಯುವ ಗಂಗಾಧರಪ್ಪ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡಿರುವ ಗಂಗಾಧರಪ್ಪನವರು ಹೆಂಡತಿ ತೀರಿಹೋದಾಗ ಅಳಲಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ಬೀದಿಗೆ ಬೀದಿಯೇ ಆಡಿಕೊಂಡ ಮಾತು. ಮಣ್ಣು ಮಾಡಿ ಬಂದ ಮಾರನೇ ಬೆಳಿಗ್ಗೆ ಶಟರ್ ಎತ್ತಿದರು, ಯಾರೋ ಮೇಸ್ತ್ರಿ ಕೇಳಿದ ಪ್ರೈಮರ್ ಡಬ್ಬ ಇಳಿಸಿ ಕೊಟ್ಟರು. ಅವನು "ಏನ್ ಯಜಮಾನ್ರೇ, ಹುಷಾರಿಲ್ವಾ? ಒಂಥರಾ ಇದೀರಿ" ಅಂದ. "ನಮ್ಮನೆಯವಳು ಹೋಗಿಬಿಟ್ಲು ಕಣಪ್ಪ" ಅಂದರು, ಅದೇ ಉಸಿರಿನಲ್ಲಿ "ಬ್ರಷ್ ಬೇಕಾ?" ಅಂತಲೂ ಕೇಳಿದರು. ಮೇಸ್ತ್ರಿ ಡಬ್ಬ ಅಲ್ಲೇ ಬಿಟ್ಟು ಹೊರಟುಹೋದ. ಅಲ್ಲ ಸ್ವಾಮಿ, ಅವನಾದರೂ ಇನ್ನೇನು ಮಾಡಬೇಕಿತ್ತು?

ಕಲ್ಲಿನಂಥ ಮನುಷ್ಯ ಅಂದರು ಕೆಲವರು. ಪಾಪ, ಒಳಗೊಳಗೇ ಕೊರಗುತ್ತಾರೆ ಅಂದರು ಇನ್ನು ಕೆಲವರು. ಎರಡೂ ಸುಳ್ಳು. ಒಳಗೂ ಏನೂ ಇರಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತು ಎದ್ದರೆ ಕಾಲು ಜೋಮು ಹಿಡಿದು, ಚಿವುಟಿದರೂ ಬೇರೆ ಯಾರದೋ ಕಾಲು ಚಿವುಟಿದ ಹಾಗಿರುತ್ತದಲ್ಲ, ಅವರಿಗೆ ಮನಸ್ಸೇ ಹಾಗಾಗಿಹೋಗಿತ್ತು. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದರು, ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಶಿವಗಣಾರಾಧನೆಯ ದಿನ ಹೆಂಡತಿಯ ಫೋಟೋಗೆ ಹಾರ ಹಾಕಿದಾಗ ಹಾರ ಸೊಟ್ಟಗಾಯಿತು ಅನಿಸಿತೇ ಹೊರತು ಬೇರೇನೂ ಅನಿಸಲಿಲ್ಲ.

ಅವತ್ತೇ ಮಗಳು ಮಧು ಬಾಯಿ ಬಿಟ್ಟದ್ದು. ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುವವಳು, ಅಮ್ಮನ ಮಗಳು. "ಅಪ್ಪಾಜಿ, ಇಷ್ಟು ವರ್ಷ ಜೊತೇಲಿದ್ರಲ್ಲ, ಅಮ್ಮ ಮಾಡ್ತಿದ್ದ ಕೆಲಸ ಒಂದ್ಸಲನಾದ್ರೂ ನೆಟ್ಟಗೆ ನೋಡಿದ್ರಾ?" ಅಂದಳು, ಬಂದವರೆಲ್ಲ ಎಲೆ ಮುಂದೆ ಕೂತಿದ್ದಾಗಲೇ.

"ಹಿಡ್ಕೋತಿದ್ನಲ್ಲಮ್ಮ" ಅಂದರು ಗಂಗಾಧರಪ್ಪನವರು. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

ಹಿಡಿದುಕೊಳ್ಳುತ್ತಿದ್ದದ್ದು ಮಾತ್ರ ನಿಜ. ಅದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಂಡತಿ ಬಸವರಾಜೇಶ್ವರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್, ಊರಿಗೆಲ್ಲ ರಾಜೇಶ್ವರಿ ಮಿಸ್. ಸ್ಕೂಲಿನಲ್ಲಿ ಮಕ್ಕಳಿಗೆ ನವಿಲು, ಮಾವಿನಹಣ್ಣು, ಬೆಟ್ಟದ ಹಿಂದಿನ ಸೂರ್ಯ ಎಲ್ಲ ಕಲಿಸಿ ಮನೆಗೆ ಬಂದು ತಾವು ಮಾಡುತ್ತಿದ್ದದ್ದೇ ಬೇರೆ. ಮೊದಮೊದಲು ಕ್ಯಾನ್ವಾಸಿನ ಮೇಲೆ ಬರೀ ಬಣ್ಣ. ಒಂದು ಹಳದಿ ಎಲ್ಲಿಂದಲೋ ಬಂದು ಒಂದು ಬೂದಿ ಬಣ್ಣದ ಪಕ್ಕ ನಿಲ್ಲುವುದು, ಅಷ್ಟೇ. ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಆಮೇಲೆ ಕ್ಯಾನ್ವಾಸನ್ನೂ ಬಿಟ್ಟು ಪ್ಲೈವುಡ್ಡಿಗೆ ಇಳಿದರು. ಹಲಗೆಯನ್ನು ಅರ್ಧಚಂದ್ರದ ಹಾಗೆ, ಬೆಣೆಯ ಹಾಗೆ, ಒಂದರ ಮೇಲೊಂದು ಜಾರಿ ಕೂತ ಪಟ್ಟಿಗಳ ಹಾಗೆ ಕೊಯ್ದು ಜೋಡಿಸುವುದು. ಮುಂಭಾಗಕ್ಕೆಲ್ಲ ಬಿಳಿ. ಬಣ್ಣ ಎಲ್ಲಿ ಅಂತೀರಿ? ಹಿಂಭಾಗದಲ್ಲಿ! ಹಿಂದುಗಡೆ ಮೂಲೆಮೂಲೆಗೆ ಮರದ ತುಂಡು ಅಂಟಿಸಿ, ಹಲಗೆ ಗೋಡೆಯಿಂದ ಒಂದೆರಡು ಬೆರಳು ಮುಂದೆ ನಿಲ್ಲುವ ಹಾಗೆ ಮಾಡುತ್ತಿದ್ದರು. ಕಿಟಕಿಯ ಬೆಳಕು ಆ ಸಂದಿಗೆ ಇಳಿದರೆ ಹಿಂದಿನ ಬಣ್ಣ ಗೋಡೆಗೆ ಬಿದ್ದು, ಬಿಳಿ ಹಲಗೆಯ ಸುತ್ತ ನಸುಗೆಂಪೋ ಎಳೆಹಸಿರೋ ಹಬ್ಬಿಕೊಳ್ಳುತ್ತಿತ್ತು. ಗೋಡೆಗೆ ಯಾರೂ ಏನೂ ಬಳಿದಿಲ್ಲ, ಆದರೂ ಗೋಡೆಯ ಮೇಲೆ ಬಣ್ಣ ಇದೆ. ಮೋಡ ಕವಿದರೆ ಅದೂ ಇಲ್ಲ.

ನೋಡಿದವರು "ಮಿಸ್, ಮುಂದ್ಗಡೆ ಬಣ್ಣ ಹಚ್ಚೋದು ಮರೆತ್ರಾ?" ಅಂತ ಕೇಳುತ್ತಿದ್ದರು. ಗಂಗಾಧರಪ್ಪನವರು ಕೇಳುವ ರೀತಿ ಬೇರೆ. "ಯಾರಿಗೂ ಕಾಣದ ಕಡೆ ಇಷ್ಟು ಒಳ್ಳೇ ಎನಾಮೆಲ್ ಬಳೀತೀಯಲ್ಲ ಮಾರಾಯ್ತಿ, ಸವತಿ ಮೇಲಿನ ಸಿಟ್ಟು ನನ್ನ ಡಬ್ಬದ ಮೇಲೆ ತೀರಿಸ್ಕೋತೀಯಾ?" ಸವತಿ ಅಂದರೆ ಅಂಗಡಿ. ರಾಜೇಶ್ವರಿ ಮಿಸ್ ನಗುತ್ತಿದ್ದರು, ಇನ್ನೊಂದು ಡಬ್ಬ ಎತ್ತಿಕೊಳ್ಳುತ್ತಿದ್ದರು.

ಹಲಗೆಯನ್ನು ಗೋಡೆಗೆ ಹಾಕುವ ದಿನ ಮಾತ್ರ ಗಂಡ ಬೇಕು. ಅವರ ಮನೆ ಅಂಗಡಿಯ ಹಿಂದೆಯೇ. ನಡುಮನೆಯ ಎಡಬದಿಯ ಬಾಗಿಲು ಅಂಗಡಿಗೇ ತೆರೆಯುತ್ತದೆ. ಗಂಗಾಧರಪ್ಪನವರು ಹಲಗೆಯ ಎಡಗಡೆ ನಿಂತು, ಗೋಡೆಗೆ ಭುಜ ಕೊಟ್ಟು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಳ್ಳಬೇಕು. ಆಯಮ್ಮ ಅಡುಗೆಮನೆ ಹೊಸ್ತಿಲ ತನಕ ಹಿಂದಕ್ಕೆ ಹೋಗಿ, ಕಣ್ಣು ಕಿರಿದು ಮಾಡಿ, "ಸ್ವಲ್ಪ ಮೇಲೆ ರೀ... ಅಯ್ಯೋ, ಅಷ್ಟಲ್ಲ... ಹಾಂ, ಹಾಂ, ಅಲ್ಲಾಡಬೇಡಿ" ಅನ್ನಬೇಕು. ಆಮೇಲೆ ಪೆನ್ಸಿಲ್ ಹಿಡಿದು ಬಂದು ಗುರುತು ಹಾಕಬೇಕು. ಒಂದೊಂದಕ್ಕೆ ಅರ್ಧ ಗಂಟೆಯೂ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಗಂಗಾಧರಪ್ಪನವರ ಕೈ ಹಲಗೆಯ ಮೇಲೆ, ಮುಖ ಅಂಗಡಿಯ ಬಾಗಿಲ ಕಡೆ. ಗಿರಾಕಿ ಬಂದರೋ, ಬಂದು ವಾಪಸ್ ಹೋದರೋ? "ಆಯ್ತಾ? ಕೈ ಬಿದ್ದೋಗ್ತಿದೆ ಕಣೇ." ಹಲಗೆ ಮೇಲೇರಿದ ಮೇಲೆ "ಚೆನ್ನಾಗಿದೆ ಬಿಡು" ಅಂದು ಅಂಗಡಿಗೆ ಹೋಗಿಬಿಡುತ್ತಿದ್ದರು. ಈ ಜಗತ್ತಿನಲ್ಲಿ ಇಂಥ ಗಂಡಂದಿರು ಬೇಕಾದಷ್ಟು ಇದ್ದಾರೆ, ನೀವು ನಗಬೇಡಿ.

ಹೀಗೆ ಇದ್ದವರು, ಹೋದ ವರ್ಷ ಕಾರ್ತಿಕದಲ್ಲಿ ರಾಜೇಶ್ವರಿ ಮಿಸ್ ಸ್ಕೂಲಿನಲ್ಲೇ ತಲೆ ಸುತ್ತಿ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ ಅಂದರು ಡಾಕ್ಟರು. ಮತ್ತೆ ಎಚ್ಚರವೇ ಆಗಲಿಲ್ಲ. ಆಗಷ್ಟೇ ಮುಗಿಸಿದ್ದ ಹಲಗೆಯೊಂದು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬೀರುವಿನ ಪಕ್ಕ ಒರಗಿಕೊಂಡಿತ್ತು. ಭಾನುವಾರ ಹಾಕೋಣ ಅಂದಿದ್ದರು. ಆ ಭಾನುವಾರ ಮನೆ ತುಂಬ ಮಾತಾಡಿಸಲು ಬಂದವರು.

ವರ್ಷ ತುಂಬುತ್ತಾ ಬಂದಾಗ ಸಂಘಮಿತ್ರಾ ಮನೆಗೆ ಬಂದಳು. ಮಿಸ್ ಹತ್ತಿರ ಕಲಿತು, ಆಮೇಲೆ ಚಿತ್ರಕಲೆಯನ್ನೇ ಓದಿ, ಈಗ ತಾನೂ ಚಿತ್ರ ಮಾಡುವ ಹುಡುಗಿ. ಶಿವಮೊಗ್ಗದ ಗಾಂಧಿ ಬಜಾರ್ ಹಿಂದೆ ಹಳೇ ಜವಳಿ ಗೋದಾಮು ಒಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ಅಲ್ಲಿ ಮಿಸ್ ಕೆಲಸಗಳ ಪ್ರದರ್ಶನ ಮಾಡುತ್ತೇನೆ ಅಂದಳು. ಮಧುವೂ ಜೊತೆಗಿದ್ದಳು. ಗಂಗಾಧರಪ್ಪನವರು "ಮಾಡಿಯಮ್ಮ" ಅಂದರು. ಬೇಡ ಅಂದಿದ್ದರೂ ಅವರಿಗೆ ಅದೇ, ಬೇಕು ಅಂದಿದ್ದರೂ ಅದೇ.

ಸಂಘಮಿತ್ರಾ ಸೀರೆ ಬಿಚ್ಚಿ ಕೊನೆಯ ಹಲಗೆಯನ್ನು ನೋಡಿದಳು. ಚೌಕಾಕಾರ, ಒಳಗೆ ಬಿಳಿ ಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಸರಿದಿವೆ. ಯಾವ ಕಡೆಯಿಂದ ಹಿಡಿದರೂ ನಿಲ್ಲುತ್ತದೆ. ಹಿಂದೆ ತಿರುಗಿಸಿದರೆ ಸಹಿಯಿಲ್ಲ, ಬಾಣದ ಗುರುತಿಲ್ಲ. ಮಿಸ್ ಎಂದೂ ಹಾಕುತ್ತಿರಲಿಲ್ಲ. ಹಾಕಿಸುವವರು ತಾವೇ ಇರುವಾಗ ಗುರುತು ಯಾಕೆ?

"ಸಾರ್, ಇದರಲ್ಲಿ ಮೇಲ್ಗಡೆ ಯಾವುದು?"

ಗಂಗಾಧರಪ್ಪನವರು ಹಲಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಬೆಳಕು ಯಾವ ಕಡೆಯಿಂದ ಬೀಳ್ಬೇಕು ಅನ್ನೋದು ಅದರ ಮೇಲೇ ನಿಂತಿದೆ ಸಾರ್. ತಲೆಕೆಳಗೆ ಹಾಕಿದ್ರೆ ಅದು ಮಿಸ್ ಮಾಡಿದ್ದು ಅಂತ ಹೇಳೋಕಾಗಲ್ಲ, ನಾವು ಹಾಕಿದ್ದು ಅಂತಾಗುತ್ತೆ. ಗೊತ್ತಿಲ್ಲದಿದ್ರೆ ನಾನು ಹಾಕಲ್ಲ, ಹೀಗೇ ಸುತ್ತಿ ಇಟ್ಬಿಡೋಣ."

ಮಧು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನೋಡುವುದೇನು, ಉತ್ತರ ಬರೆಯಲ್ಲ ಅಂತ ಗೊತ್ತಿದ್ದೇ ಪ್ರಶ್ನೆಪತ್ರಿಕೆ ಕೊಟ್ಟ ಮೇಡಂ ಹಾಗೆ ಕಾಯುತ್ತಿದ್ದಳು.

"ಗೊತ್ತು" ಅಂದುಬಿಟ್ಟರು ಗಂಗಾಧರಪ್ಪನವರು. "ಗೋಡೆ ಹತ್ರ ಬಂದಾಗ ಹೇಳ್ತೀನಿ."

ಸುಳ್ಳು! ಶುದ್ಧ ಸುಳ್ಳು. ಅವರಿಬ್ಬರೂ ಹೋದ ಮೇಲೆ ಹಲಗೆಯನ್ನು ಸೋಫಾದ ಮೇಲೆ ಒರಗಿಸಿ ನೋಡಿದರು. ತಿರುಗಿಸಿ ನೋಡಿದರು. ಅಡುಗೆಮನೆ ಹೊಸ್ತಿಲಿಗೆ ಹೋಗಿ ಹೆಂಡತಿಯ ಹಾಗೆ ಕಣ್ಣು ಕಿರಿದು ಮಾಡಿದರು. ಬಿಳಿ ಪಟ್ಟಿ, ಬಿಳಿ ಪಟ್ಟಿ. ಎಷ್ಟೋ ತಿಂಗಳಿಂದ ಮರಗಟ್ಟಿದ್ದ ಮನುಷ್ಯನಿಗೆ ಆಗ ಒಂದು ಅನಿಸಿತು, ಹೆದರಿಕೆ. ಅವಳು ಕೊನೆಗೆ ಮಾಡಿದ್ದು ಸೀರೆಯಲ್ಲೇ ಸುತ್ತಿಕೊಂಡು ಬೀರುವಿನ ಪಕ್ಕಕ್ಕೆ ವಾಪಸ್ ಬರುತ್ತದೆ, ತನ್ನಿಂದ. ಇಷ್ಟು ವರ್ಷ ಹಿಡಿದೆ ಹಿಡಿದೆ ಅಂತ ಹೇಳಿಕೊಂಡವನಿಗೆ ಇದೊಂದು ಗೊತ್ತಿಲ್ಲ. ದಿನಾ ಅಂಗಡಿ ಮುಚ್ಚಿ ಬಂದು ತಿರುಗಿಸಿ ನೋಡುತ್ತಿದ್ದರು. ಏನೂ ಹೊಳೆಯಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಹಲಗೆಗಳನ್ನೆಲ್ಲ ಹೇರಿಕೊಂಡು ಶಿವಮೊಗ್ಗಕ್ಕೆ ಹೋದರು. ಕೊನೆಯದನ್ನು ಹಿಂದೆ ಹಾಕಲು ಬಿಡದೆ ಡ್ರೈವರ್ ಪಕ್ಕ ತೊಡೆಯ ಮೇಲಿಟ್ಟುಕೊಂಡು ಕೂತರು. ಗೋದಾಮು ದೊಡ್ಡದು, ಎತ್ತರದಲ್ಲಿ ಸಾಲಾಗಿ ಗವಾಕ್ಷಿಗಳು, ಅಲ್ಲಿಂದ ಬಿಸಿಲು ಓರೆಯಾಗಿ ಬಿಳಿ ಗೋಡೆಗೆ ಬೀಳುತ್ತಿತ್ತು. ಚಂದ್ರು ಅಂತ ಕಾರ್ಪೆಂಟರ್ ಒಬ್ಬ ಏಣಿ, ಡ್ರಿಲ್ಲು ಎಲ್ಲ ತಂದು ತಯಾರಾಗಿದ್ದ. ಮೊದಲ ಹಲಗೆ ಎತ್ತಿದ ಕೂಡಲೇ ಗಂಗಾಧರಪ್ಪನವರು ಕೇಳದೆಯೇ ಹೋಗಿ ಎಡಗಡೆ ನಿಂತರು.

"ನೀವ್ಯಾಕೆ ಯಜಮಾನ್ರೇ? ಕೂತ್ಕಳಿ" ಅಂದ ಚಂದ್ರು. "ಹಿಡ್ಕಳಾಕೆ ಯಾರೂ ಬ್ಯಾಡ. ಲೇಸರ್ ಲೆವೆಲ್ ಐತೆ."

ಅಂಗೈಯಷ್ಟು ಪೆಟ್ಟಿಗೆ. ಗುಂಡಿ ಒತ್ತಿದರೆ ಗೋಡೆಯುದ್ದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಸಂಘಮಿತ್ರಾ ಫೋನಿನಲ್ಲಿದ್ದ ಹಳೇ ಫೋಟೋಗಳನ್ನು ನೋಡಿ ಹೇಳುತ್ತಾ ಹೋದಳು, ಚಂದ್ರು ಗೆರೆಗೆ ಸರಿಯಾಗಿ ಹಾಕುತ್ತಾ ಹೋದ. ಗಂಗಾಧರಪ್ಪನವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮಂಡಿಯ ಮೇಲಿಟ್ಟುಕೊಂಡರು. ಒಂದೊಂದೇ ಹಲಗೆಯ ಸುತ್ತ ಗೋಡೆ ಬಣ್ಣ ಕಟ್ಟಿತು. ತಮ್ಮ ಅಂಗಡಿಯದೇ ಬಣ್ಣಗಳು. ಅವರಿಗೆ ಏನೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ಕೊನೆಯದೊಂದೇ ಉಳಿಯಿತು. ಅದಕ್ಕೆ ಫೋಟೋ ಇಲ್ಲ. ಮಧು ದೀಪದ ಕಂಬ, ಹೂವು ಎಲ್ಲ ಹಿಡಿದು ಬಂದಳು; ಉದ್ಘಾಟನೆಗೆ ಜನ ಬರುವ ಹೊತ್ತು.

"ಈಗ ಹೇಳಿ ಸಾರ್" ಅಂದಳು ಸಂಘಮಿತ್ರಾ.

"ಹೇಳೋದಲ್ಲ, ಹಿಡೀತೀನಿ. ನೀನು ಹಿಂದೆ ಹೋಗು." ಹಲಗೆಯನ್ನು ಎತ್ತಿ ಗೋಡೆಗಿಟ್ಟು, ಎಡಗಡೆ ನಿಂತು, ಮುಖವನ್ನು ಅಭ್ಯಾಸದಂತೆ ಆಚೆ ತಿರುಗಿಸಿದರು. ಇಲ್ಲಿ ಆ ಕಡೆ ಅಂಗಡಿಯ ಬಾಗಿಲಿಲ್ಲ, ಒಂದು ಸಿಮೆಂಟಿನ ಕಂಬ ಇತ್ತು. ಕಂಬವನ್ನೇ ನೋಡಿದರು. "ಹೀಗೆ ಹೇಗಿದೆ?"

"ಚೆನ್ನಾಗಿದೆ ಸಾರ್."

ಒಂದು ಸಲ ತಿರುಗಿಸಿ ಹಿಡಿದರು. "ಹೀಗೆ?"

"ಇದೂ ಚೆನ್ನಾಗೇ ಇದೆ" ಅಂದಳು. ದನಿಯಲ್ಲಿ ಅನುಮಾನ. "ಸಾರ್, ನಿಜ ಹೇಳಿ. ನಿಮಗೆ ಗೊತ್ತಾ?"

"ಅಪ್ಪಾಜಿಗೆ ಗೊತ್ತಿಲ್ಲ" ಅಂದಳು ಮಧು, ಹೂವಿನ ಬುಟ್ಟಿ ಕೆಳಗಿಟ್ಟು. ಈಗ ಕೂಗಾಡಲಿಲ್ಲ, ಸುಸ್ತಾದವಳ ಹಾಗೆ ಹೇಳಿದಳು. "ಸುಮ್ನೆ ಹೇಳಿದಾರೆ. ಸುತ್ತಿ ಇಟ್ಬಿಡು ಸಂಘಮಿತ್ರಾ, ಜನ ಬರ್ತಾರೆ."

"ತಡಿಯಮ್ಮ, ಇನ್ನೊಂದ್ಸಲ."

ಮತ್ತೆ ತಿರುಗಿಸಿ ಹಿಡಿದರು. ಕತ್ತು ಹಿಡಿದುಕೊಂಡಿತ್ತು. ಕತ್ತಿನ ನೋವಿಗೇ, ಬೇರೆ ಯಾವುದಕ್ಕೂ ಅಲ್ಲ, ಮುಖವನ್ನು ಈಚೆ ಹೊರಳಿಸಿ ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡರು. ಕಣ್ಣು ನೇರವಾಗಿ ಹಲಗೆಗೂ ಗೋಡೆಗೂ ನಡುವಿನ ಸಂದಿಗೆ ಹೋಯಿತು.

ಅಲ್ಲಿ, ಎಡಮೂಲೆಯ ಮರದ ತುಂಡಿನ ಹೊರಮಗ್ಗುಲಲ್ಲಿ, ತಮ್ಮ ಕಣ್ಣಿನ ಮಟ್ಟದಲ್ಲೇ, ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಒಂದು ಚಿತ್ರ ಇತ್ತು. ಕಡುನೀಲಿ, ಅದಕ್ಕೆ ಒತ್ತಿಕೊಂಡು ಹಳದಿ, ಎರಡರ ನಡುವೆ ಕೂದಲೆಳೆಯಷ್ಟು ಕೆಂಪು. ಮೇಲಿನಿಂದ ಸಂದಿಗೆ ಇಳಿದ ಬೆಳಕು ಅದರ ಮೇಲೆ ಬಿದ್ದು ಆ ಹಳದಿ ಉರಿಯುತ್ತಿತ್ತು. ಒರೆಸಿದ ಬ್ರಷ್ಷಿನ ಕಲೆಯಲ್ಲ ಅದು. ಸಣ್ಣ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು, ಅಂಚು ಅಂಚು ತೀಡಿ ಮಾಡಿದ್ದು. ಮುಂದೆ ನಿಂತವರಿಗೆ ಅದು ಕಾಣಲು ಸಾಧ್ಯವೇ ಇಲ್ಲ, ಹಲಗೆಯೇ ಅಡ್ಡ. ಅದು ಕಾಣುವುದು ಎಡಗಡೆ ನಿಂತು, ಗೋಡೆಗೆ ಮುಖ ತಾಗಿಸಿ ಹಲಗೆ ಹಿಡಿದವರಿಗೆ ಮಾತ್ರ. ಬೇರೆ ಯಾವ ಕಡೆ ತಿರುಗಿಸಿ ಹಿಡಿದರೂ ಅದು ಹಿಡಿದವರ ಕಣ್ಣಿಗೆ ಬೀಳುವುದಿಲ್ಲ.

ಗಂಗಾಧರಪ್ಪನವರು ಹಲಗೆಯನ್ನು ಮೆಲ್ಲಗೆ ಕೆಳಗಿಳಿಸಿದರು. ಯಾರಿಗೂ ಏನೂ ಹೇಳದೆ ಪಕ್ಕದ ಹಲಗೆಗೆ ಹೋಗಿ, ಅದರ ಎಡಗಡೆ ಗೋಡೆಗೆ ಕೆನ್ನೆ ಇಟ್ಟರು. ಅಲ್ಲೂ ಇತ್ತು, ಹಸಿರು ಮತ್ತು ಬಿಳಿ. ಅದರ ಪಕ್ಕದ್ದಕ್ಕೆ ಹೋದರು. ಕಿತ್ತಳೆ. ಗೋದಾಮಿನ ಉದ್ದಕ್ಕೂ ಒಂದೊಂದರ ಪಕ್ಕ ಗೋಡೆಗೆ ಮುಖ ಒತ್ತುತ್ತಾ ಹೋದರು; ಬಾಗಿಲಲ್ಲಿ ಆಗಲೇ ಬಂದು ನಿಂತಿದ್ದ ನಾಲ್ಕಾರು ಜನ, ಈ ಯಜಮಾನರಿಗೆ ಏನು ಬಂತಪ್ಪ ಅಂತ ಒಬ್ಬರನ್ನೊಬ್ಬರು ನೋಡಿಕೊಂಡರು.

"ಆ ಬಣ್ಣನಾ?" ಅಂದ ಚಂದ್ರು. "ಎಲ್ಲದ್ರಾಗೂ ಒಂದೇ ತುಂಡಿಗೆ ಇತ್ತು ಯಜಮಾನ್ರೇ. ಬ್ರಷ್ ಒರ್ಸಿದಾರೆ ಅನ್ಕಂಡೆ."

ಎಲ್ಲದರಲ್ಲೂ ಇರಲಿಲ್ಲ. ಆರಂಭದ ಎರಡು ಹಲಗೆಗಳಲ್ಲಿ ಬರೀ ಮರ. ಆ ಎರಡರ ಮುಂದೆ ನಿಂತಾಗ ಗಂಗಾಧರಪ್ಪನವರಿಗೆ ನೆನಪಾಯಿತು. ಎರಡನೆಯದನ್ನು ಹಾಕುವಾಗ ಬಹಳ ಹೊತ್ತು ನಿಲ್ಲಿಸಿದ್ದಳು, ಇವರಿಗೆ ಸಿಟ್ಟು ಬಂದಿತ್ತು. "ನಿನಗೆ ಚಿತ್ರ ಕಾಣ್ಸುತ್ತೆ, ಬಂದೋರಿಗೆಲ್ಲ ಕಾಣ್ಸುತ್ತೆ. ಹಿಡ್ಕೊಂಡು ಸಾಯೋ ನನಗೇನೇ ಕಾಣೋದು? ಗೋಡೆ!" ಅಂದಿದ್ದರು. ಅವಳು ಪೆನ್ಸಿಲ್ ಹಿಡಿದುಕೊಂಡು ಹತ್ತಿರ ಬಂದು, "ಹೌದಲ್ವಾ ರೀ" ಅಂದಿದ್ದಳು. ಅಷ್ಟೇ. ಮುಂದಿನ ಹಲಗೆಯಿಂದ ಮಾಡಿದ್ದಾಳೆ. ಅವತ್ತಿನಿಂದ ಒಂದನ್ನೂ ಬಿಟ್ಟಿಲ್ಲ.

ಅಯ್ಯೋ ಶಿವನೇ, ಒಂದು ಮಾತು ಹೇಳಬಾರದಿತ್ತೇ ಇವಳು! ಈ ಕಡೆ ನೋಡ್ರೀ ಅಂತ ಒಂದೇ ಒಂದು ಮಾತು. ಅಷ್ಟು ವರ್ಷ ಹೊಸ್ತಿಲ ಮೇಲೆ ನಿಂತು, ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಅಂತ ಹೇಳುತ್ತಾ ಹೊತ್ತು ಕಳೆದದ್ದು ಹಲಗೆಯನ್ನು ನೋಡುವುದಕ್ಕೋ, ಈ ಮನುಷ್ಯ ಇವತ್ತಾದರೂ ಮುಖ ಹೊರಳಿಸುತ್ತಾನಾ ಅಂತ ಕಾಯುವುದಕ್ಕೋ? ಗಂಗಾಧರಪ್ಪನವರಿಗೆ ಹೆಂಡತಿಯ ಮೇಲೆ ಕೆಟ್ಟ ಸಿಟ್ಟು ಬಂತು. ಎದೆಯಲ್ಲಿ ಬೆಂಕಿ ಬಿದ್ದ ಹಾಗೆ ಬಂತು. ಅವಳು ಎದುರಿಗಿದ್ದಿದ್ದರೆ ಜಗಳವಾಡಿಬಿಡುತ್ತಿದ್ದರು. ಇರಲಿಲ್ಲ. ಇಲ್ಲ ಅನ್ನುವುದು ಆಗ, ಆ ಗೋದಾಮಿನಲ್ಲಿ, ಜನರ ಮುಂದೆ ಅವರಿಗೆ ತಿಳಿಯಿತು.

ವಾಪಸ್ ಬಂದು ಕೊನೆಯ ಹಲಗೆಯನ್ನು ಎತ್ತಿ, ನೀಲಿ ಹಳದಿ ತಮ್ಮ ಕಣ್ಣಿಗೆ ಬರುವ ಹಾಗೆ ಹಿಡಿದರು.

"ಹೀಗೇ" ಅಂದರು. "ಇದೇ ಮೇಲ್ಗಡೆ. ಹಾಕಪ್ಪ."

ದನಿ ಕೇಳಿ ಸಂಘಮಿತ್ರಾ ಮರುಪ್ರಶ್ನೆ ಹಾಕಲಿಲ್ಲ. ಚಂದ್ರು ಗುರುತು ಮಾಡಿಕೊಂಡು, ಡ್ರಿಲ್ ಹೊಡೆದು, ಹಲಗೆಯನ್ನು ಸ್ಕ್ರೂಗಳ ಮೇಲೆ ಕೂರಿಸಿದ. "ಗಟ್ಟಿ ಕೂತೈತೆ ಯಜಮಾನ್ರೇ, ಬಿಡ್ರಿ ಇನ್ನ." ಗಂಗಾಧರಪ್ಪನವರು ಬಿಡಲಿಲ್ಲ. ಎರಡೂ ಕೈ ಹಲಗೆಯ ಮೇಲೆ, ಕೆನ್ನೆ ಗೋಡೆಗೆ, ಕಣ್ಣು ಸಂದಿಯೊಳಗೆ. ಗೋದಾಮಿನಲ್ಲಿ ಜನ ತುಂಬಿತು. ದೀಪ ಹಚ್ಚುವವರು ಬೆಂಕಿಪೊಟ್ಟಣ ಹಿಡಿದು ಕಾದರು. ಗವಾಕ್ಷಿಯ ಬೆಳಕು ಇಳಿಯುತ್ತಾ ಬಂತು, ಹಳದಿ ಮಂಕಾಗುತ್ತಾ ಬಂತು. ಅವರು ಕದಲಲಿಲ್ಲ.

ಮಧು ಹತ್ತಿರ ಬಂದು ಅವರ ತೋಳು ಮುಟ್ಟಿದಳು. "ಅಪ್ಪಾಜಿ, ಬನ್ನಿ ಈಚೆ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ ಬಿಡಮ್ಮ" ಅಂದರು ಗಂಗಾಧರಪ್ಪನವರು, ಮುಖ ಈಚೆ ತೆಗೆಯದೆ. "ಅವರಿಗೆ ಅಲ್ಲಿಂದ ಕಾಣಲ್ಲ."